ಹಗ್ಗದಾಚೆ

ತೀರಿಹೋದ ಗಂಡನ ಕೋಣೆಯ ಬಾಗಿಲಿಗೆ ಅಡ್ಡವಾಗಿ ಕಟ್ಟಿದ್ದ ಕೆಂಪು ಹಗ್ಗದ ಕೆಳಗೆ ನುಸುಳಲು ತಾಯಿಗೆ ಸಾಧ್ಯವಿರಲಿಲ್ಲ. ಸೊಂಟದ ಮೂಳೆಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಬಗ್ಗುವುದು ನಿಷಿದ್ಧ. ಆದ್ದರಿಂದ ಆಕೆ ಕೊಕ್ಕೆಯಿಂದ ಹಗ್ಗವನ್ನೇ ಕಳಚಿ, ವಾಕರ್ ಊರಿಕೊಂಡು ಒಳಗೆ ನಡೆದು, ಮಂಚದ ಮೇಲೆ ಮಲಗಿಬಿಟ್ಟಿದ್ದಳು. ಅತಿಥಿಗಳು ಬರುವ ಹೊತ್ತಿಗೆ ಸರಿಯಾಗಿ ಮಗ ಅದನ್ನು ಕಂಡ.

"ಅಮ್ಮಾ, ದಯವಿಟ್ಟು ಏಳು. ಹೊದಿಕೆ ಸುಕ್ಕಾಗುತ್ತೆ."

"ನಿಮ್ಮಪ್ಪ ಇದ್ದಾಗ ಅದು ಸುಕ್ಕಿಲ್ಲದೆ ಇದ್ದದ್ದು ಯಾವತ್ತೋ?"

"ಈಗ ಅದು ಬರೀ ಮಂಚ ಅಲ್ಲಮ್ಮ."

"ಮತ್ತೇನು, ಸಿಂಹಾಸನಾನಾ? ನನ್ನ ಸೊಂಟಕ್ಕೆ ಅದಿನ್ನೂ ತಿಳಿದಿಲ್ಲ ಕಣೋ." ಆಕೆ ನಕ್ಕಳು, ನಗು ಬೇಗನೆ ಆರಿತು. "ಹೊರಗಿನ ಹಜಾರದ ಆ ದಿವಾನ್ ತೀರಾ ತಗ್ಗು. ಕೂತ್ರೆ ಏಳೋಕಾಗಲ್ಲ. ರಾತ್ರಿ ಬಚ್ಚಲಿಗೆ ಹೋಗ್ಬೇಕಂದ್ರೆ ನಿನ್ನ ಹೆಂಡ್ತೀನ ಎಬ್ಬಿಸ್ಬೇಕು, ನಾಚಿಕೆ ಆಗುತ್ತೆ. ಈ ಕೋಣೇಲಾದ್ರೆ ಬಚ್ಚಲು ಪಕ್ಕದಲ್ಲೇ ಇದೆ."

"ಇವತ್ತೊಂದಿನ ಹೊಂದ್ಕೋ. ವಿಶ್ವವಿದ್ಯಾಲಯದವರು ನೋಡಿ ಒಪ್ಪಿದ್ರೆ ಈ ಕೋಣೆ ಅಪ್ಪನ ಸ್ಮಾರಕ ಆಗುತ್ತೆ."

"ಆದ್ಮೇಲೆ ಮಲಗ್ಬಹುದಾ?"

"ಆದ್ಮೇಲೆ ಯಾರೂ ಒಳಗೆ ಹೋಗೋ ಹಾಗಿಲ್ಲಮ್ಮ," ಎಂದ. ವಿದ್ಯಾವಂತನ ನಿರ್ದಯತೆಗೆ ಧ್ವನಿಯೇರಿಸುವ ಅಗತ್ಯವಿರುವುದಿಲ್ಲ. ಅವನು ಬಹಳ ಮೃದುವಾಗಿ ತಾಯಿಯ ತೋಳು ಹಿಡಿದು ಎಬ್ಬಿಸಿ, ಹೊರಗೆ ನಿಲ್ಲಿಸಿ, ಹೊದಿಕೆಯನ್ನು ಅಂಗೈಯಿಂದ ಸವರಿ ಸಮಮಾಡಿ, ಹಗ್ಗವನ್ನು ಮತ್ತೆ ಕೊಕ್ಕೆಗೆ ಸಿಕ್ಕಿಸಿದ.

ಧರ್ಮಾಧ್ಯಯನ ವಿಭಾಗದ ಮುಖ್ಯಸ್ಥರೂ ಕೆಲವು ವಿದ್ಯಾರ್ಥಿಗಳೂ ಬಂದರು. ಮಂಚ, ಬರೆಯುವ ಮೇಜು, ಮಡಿಸಿಟ್ಟ ಕನ್ನಡಕ: ಎಲ್ಲವನ್ನೂ ದನಿ ತಗ್ಗಿಸಿ, ಹಗ್ಗದ ಈಚೆಯಿಂದ ನೋಡಿದರು. ಅವರ ಚೀಲಗಳೆಲ್ಲ ದಿವಾನಿನ ಮೇಲಿದ್ದುದರಿಂದ ತಾಯಿ ಬಾಗಿಲ ಪಕ್ಕದಲ್ಲಿ ವಾಕರಿಗೆ ಭಾರ ಬಿಟ್ಟು ನಿಂತೇ ಇದ್ದಳು. ಮಗ, ತಂದೆ ಕಲಿಸಿದ ವಿಷಯವನ್ನೇ ಕಲಿಸುವವನು, ತರಗತಿಯ ಧಾಟಿಯಲ್ಲಿ ವಿವರಿಸತೊಡಗಿದ.

"ಪಾವಿತ್ರ್ಯ ಅನ್ನೋದು ಕಲ್ಲು, ಮರ, ನೀರಿನ ಒಳಗೇ ಇರೋ ಶಕ್ತಿ ಅಂತ ಮೊದಮೊದಲು ವಿದ್ವಾಂಸರು ನಂಬಿದ್ರು. ಇಲ್ಲ, ಅದು ಭಕ್ತನ ಎದೆಯಲ್ಲಿ ಹುಟ್ಟೋ ನಡುಕ ಅಂದ್ರು ಇನ್ನು ಕೆಲವರು. ಅದು ಸಮಾಜ ಎಳೆಯೋ ಗೆರೆ ಅನ್ನೋ ವಾದವೂ ಬಂತು. ನಮ್ಮ ತಂದೆ ಆ ಗೆರೆಯನ್ನೇ ಹಿಡಿದು ಮುಂದೆ ಹೋದ್ರು. ಒಳಗೆ ಏನಿದೆ ಅಂತ ಹುಡುಕಬೇಡಿ, ಹೊರಗೆ ಯಾರನ್ನ ನಿಲ್ಲಿಸಿದ್ದಾರೆ ನೋಡಿ, ಅಂತಿದ್ರು. ಅವರ ಜೀವಮಾನದ ಕೆಲಸವೆಲ್ಲ ಈ ಒಂದು ಮಾತಿನಲ್ಲಿದೆ."

ಮುಖ್ಯಸ್ಥರು ತಲೆದೂಗಿದರು. ವಿದ್ಯಾರ್ಥಿನಿಯೊಬ್ಬಳು ಹಿಂಜರಿಯುತ್ತಲೇ ಕೇಳಿದಳು: "ಹಾಗಾದ್ರೆ ಸರ್, ಈ ಹಗ್ಗದ ಹೊರಗೆ ಯಾರಿದ್ದಾರೆ?"

ಮಗ ಹೆಮ್ಮೆಯಿಂದ ನಕ್ಕ. "ಒಳ್ಳೆ ಪ್ರಶ್ನೆ. ಅಪ್ಪನ ಕೋಣೆಗೆ ಹೊರಗಿನವರು ಅಂತ ಯಾರೂ ಇಲ್ಲ. ಇದು ಎಲ್ಲರದ್ದು."

ಮುಖ್ಯಸ್ಥರಿಗೆ ಆ ಉತ್ತರ ತುಂಬ ಹಿಡಿಸಿತು. ಹಗ್ಗದ ಮುಂದೆ ಎಲ್ಲರೂ ಸೇರಿ ಒಂದು ಫೋಟೊ ತೆಗೆಸಿಕೊಳ್ಳೋಣ ಎಂದರು. ವಿದ್ಯಾರ್ಥಿಗಳು ಸಾಲಾಗಿ ನಿಂತರು. ಮಗ ನಡುವೆ ನಿಂತು ಅಂಗಿಯ ಕಾಲರ್ ಸರಿಪಡಿಸಿಕೊಂಡು, ಪಕ್ಕಕ್ಕೆ ತಿರುಗಿ ಮೆಲ್ಲಗೆ ಹೇಳಿದ:

"ಅಮ್ಮಾ, ವಾಕರ್ ಕಾಣ್ತಿದೆ. ಸ್ವಲ್ಪ ಆಚೆ ಸರ್ಕೋ."