ಹೂವಿನ ಪಾಳಿ

ಸಂಕ್ರಾಂತಿ ಕಳೆದರೂ ಚಳಿ ಪುಣೆಯ ಹಿಂಜವಾಡಿ ಬಿಟ್ಟು ಕದಲಿರಲಿಲ್ಲ. ಹನ್ನೊಂದನೆಯ ಮಹಡಿಯ ಬಾಲ್ಕನಿಯ ಎಳೆಬಿಸಿಲಿನಲ್ಲಿ ಬೀಗತಿಯರಿಬ್ಬರೂ ಬೆನ್ನಿಗೆ ಬೆನ್ನು ತಿರುಗಿಸಿ ಕೂತು ಹಸಿ ತೊಗರಿಕಾಯಿ ಸುಲಿಯುತ್ತಿದ್ದರು. ನಡುವೆ ಒಂದೇ ಬುಟ್ಟಿ. ಹಿಂದಕ್ಕೆ ಕೈ ಚಾಚಿ ಕಾಯಿ ತೆಗೆಯುವಾಗ ಬೆರಳಿಗೆ ಬೆರಳು ತಗುಲಿದರೆ ಚೇಳು ಕುಟುಕಿದಂತೆ ಸೆಳೆದುಕೊಳ್ಳುವರು. ಮಾತು ನಿಂತು ಎರಡು ದಿನವಾಗಿತ್ತು.

“ಮಂಜರಿ, ನಿಮ್ಮ ದೌಂಡದ ಆಯಿಗೆ ಹೇಳವ್ವಾ, ಹುಳುಕು ಕಾಯಿ ಆರಿಸಿ ಒಗೀರಿ ಅಂತ,” ಎಂದಳು ಮನೆಯ ಹಿರಿಯಳು ಚನ್ನಬಸವ್ವ.

“ಮಂಜರಿ, ನಿಮ್ಮ ಮನಿ ಆಯಿಗೆ ಹೇಳು, ಹುಳಾ ಬರೇ ಕಾಯಾಗ ಇರೂದಿಲ್ಲ ಅಂತ,” ಎಂದಳು ದೌಂಡ ಊರಿನಿಂದ ಬಂದ ಮಾನಮ್ಮ, ಸೊಸೆ ಶೈಲಾಳ ತಾಯಿ.

ಜಗಳದ ಬೇರು ಮೊಮ್ಮಗಳು ಮಂಜರಿಯ ಮಾಂಟೆಸ್ಸರಿ ಶಾಲೆಯಲ್ಲಿತ್ತು. ಅಲ್ಲಿ ಮಕ್ಕಳು ತಾವೇ ನೀರು ಬಗ್ಗಿಸಿಕೊಳ್ಳಬೇಕು, ತಾವೇ ತಟ್ಟೆ ತೊಳೆದಿಡಬೇಕು; ಮನೆಯಲ್ಲೂ ಅದೇ ನೇಮ. ಎರಡನೆಯ ತರಗತಿಯ ಮಂಜರಿ ಮಾತ್ರ ಮಧ್ಯಾಹ್ನ ಡಬ್ಬಿ ಬಿಚ್ಚಿಟ್ಟು, ಗೂಡಿನ ಗುಬ್ಬಿಮರಿಯಂತೆ ಬಾಯಿ ತೆರೆದು ಕೂತುಬಿಡುತ್ತಿದ್ದಳು. ಮಗ ಸೊಸೆಗೆ ಆಫೀಸು. ಶಾಲೆಯಿಂದ ಕರೆ ಬಂದಾಗ ಅಜ್ಜಿಯರೇ ಹೋದರು. “ಇವಳಿಗೆ ಮನೆಯಲ್ಲಿ ತುತ್ತು ಮಾಡಿ ಉಣಿಸುವವರು ಯಾರು?” ಎಂದು ದೀಪಾಲಿ ಟೀಚರ್ ಮರಾಠಿಯಲ್ಲಿ ಕೇಳಿದಳು. ವರ್ಷವಿಡೀ ಉಣಿಸುವ ಚನ್ನಬಸವ್ವನ ಬೆರಳು, ಅವಳನ್ನೂ ಕೇಳದೆ, ಹಬ್ಬಕ್ಕೆಂದು ಬಂದಿದ್ದ ಬೀಗತಿಯತ್ತ ತಿರುಗಿತು. ಟೀಚರ್ ಮಾನಮ್ಮನನ್ನು ಮೊಣಕಾಲೆತ್ತರದ ಕುರ್ಚಿಯಲ್ಲಿ ಕೂರಿಸಿ ಬುದ್ಧಿ ಹೇಳಿದಳು.

ಇವತ್ತು ಸಂಜೆಯ ರೈಲುಗಾಡಿಗೆ ಮಾನಮ್ಮ ಹೊರಟಿದ್ದಳು. ಇನ್ನೊಮ್ಮೆ ಈ ಮನೆಯ ಹೊಸ್ತಿಲು ತುಳಿಯುವುದಿಲ್ಲವೆಂದು ಮಗಳೆದುರು ಆಣೆ ಹಾಕಿದ್ದಳು. ಅವಳೂ ಹೋದರೆ ಚನ್ನಬಸವ್ವನಿಗೆ ಹಗಲೆಲ್ಲ ಬಾಯ್ತುಂಬ ಮಾತಾಡಲು ಗೋಡೆಯೇ ಗತಿ. ‘ತಪ್ಪಾತು’ ಎಂಬ ಮಾತು ಬೆಳಗಿನಿಂದ ನಾಲಿಗೆಯ ತುದಿಗೆ ಬಂದು ಬಂದು ಒಳಗೆ ಹೋಗುತ್ತಿತ್ತು.

“ನಾ ಏನ್ ಪೋಸ್ಟ್‌ಮನ್ನಾ?” ಶಾಲೆಗೆ ರಜೆಯೆಂದು ಮನೆಯಲ್ಲಿದ್ದ ಮಂಜರಿ ಸಿಟ್ಟಾದಳು. ಒಳಗೆ ಹೋಗಿ ತನ್ನ ಚಾಪೆ ತಂದು ಹಾಸಿದಳು, ಮೇಲೊಂದು ಮಣೆ ಇಟ್ಟಳು. ಕುಂಡದಲ್ಲಿದ್ದ ಒಂದೇ ಒಂದು ಸೇವಂತಿಗೆಯನ್ನು ಕಿತ್ತಳು. “ನಮ್ ಸಾಲ್ಯಾಗ ಯಾರರ ಜಗಳಾಡಿದ್ರ ಹಿಂಗ ಕುಂಡ್ರಸ್ತಾರ. ಹೂ ಯಾರ ಕೈಯಾಗ ಇರ್ತದ, ಅವರಷ್ಟ ಮಾತಾಡಬೇಕು. ಇನ್ನೊಬ್ರು ಗಪ್ ಕೇಳಬೇಕು. ಅವರದು ಮುಗದ ಮ್ಯಾಲೆ ಹೂ ಕೊಡ್ತಾರ. ಯಾರಿಗೆ ನೋವಾಗ್ಯದ, ಅವರದು ಮೊದಲ ಪಾಳಿ.”

ಹೂ ಮಾನಮ್ಮನ ಕೈಗೆ ಹೋಯಿತು. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಗಂಟಲು ಸರಿಮಾಡಿಕೊಂಡು, ಮಕ್ಕಳ ಮದುವೆ ನಿಶ್ಚಯದಿಂದ ಶುರುಮಾಡಿದಳು.

“ನಿಶ್ಚೇದಾಗ ನಮ್ಮ ಹೋಳಿಗಿ ದಪ್ಪಾದ್ವು ಅಂದ್ರಿ. ಸುಮ್ನಿದ್ದೆ. ತೊಟ್ಟಿಲ ಕಾರ್ಯಕ್ಕ ಕೂಸಿನ ತಲಿಗೆ ನಾ ಹೊಲಿಸಿದ ಕುಲಾಯಿ ಸಣ್ಣದು ಅಂದ್ರಿ. ಸುಮ್ನಿದ್ದೆ.”

“ಅಲ್ರೀ, ಅದು ಖರೇನ ಸಣ್ಣ…”

“ಆಯಿ! ಹೂ ಎಲ್ಲದ?”

ಚನ್ನಬಸವ್ವ ಬಾಯಿ ಮುಚ್ಚಿದಳು. ಗಂಡ, ಅತ್ತೆ, ಊರ ಪಂಚರು ಯಾರೂ ಮುಚ್ಚಿಸಲಾಗದ ಬಾಯಿ ಅದು.

“ನನ್ನ ಮಕ್ಳಿಗೆ ಕೂತು ಉಣಿಸಲಿಲ್ರಿ ನಾ,” ಮಾನಮ್ಮನ ದನಿ ಇಳಿಯಿತು. “ಮನಿಯವರದು ರೈಲ್ವೆ ಡ್ಯೂಟಿ. ಗಾಡಿ ಟೈಮಿಗೆ ಬುತ್ತಿ, ಗಾಡಿ ಟೈಮಿಗೆ ನೀರು. ಮಕ್ಳ ಬಾಯಾಗ ತುತ್ತು ತುರುಕಿ ಓಡಿದಾಕಿ. ಈಗ ನಾಕ ದಿನ ಸಮಾಧಾನಲೆ ಉಣಸೂಣು ಅಂದ್ರ, ಸಂತ್ಯಾಗ ಕಳ್ಳರನ್ನ ತೋರಿಸಿದಂಗ ಬೊಟ್ಟು ಮಾಡಿದ್ರಿ.”

ಚನ್ನಬಸವ್ವನ ಕಣ್ಣು ಒದ್ದೆಯಾಯಿತು. ಹೂವಿಗಾಗಿ ಕೈ ಚಾಚಿದಳು.

“ತಡೀರಿ, ಇನ್ನೂ ಮುಗದಿಲ್ಲ.”

ಕುಕ್ಕರ್ ಕೂಗಿತು, ಬಿಸಿಲು ಬಾಲ್ಕನಿ ದಾಟಿತು, ಮಾನಮ್ಮನದು ಮುಗಿಯಲಿಲ್ಲ. ಊಟಕ್ಕೆ ಕೂತಾಗಲೂ ಹೂ ಅವಳ ಎಡಗೈಯಲ್ಲಿತ್ತು. ಸಂಜೆ ಅಳಿಯ ಸಿದ್ಧಾರೂಢ ಸ್ಟೇಷನ್ನಿಗೆ ಬಿಡಲು ಕಾರು ತಂದು ಕೆಳಗೆ ಹಾರ್ನ್ ಹೊಡೆದ. ಮಾನಮ್ಮ ಎದ್ದಳು, ಕನ್ನಡಿ ನೋಡಿಕೊಂಡು ಹೂವನ್ನು ತುರುಬಿಗೆ ಸಿಗಿಸಿ, ಚೀಲ ಹಿಡಿದು ಲಿಫ್ಟಿನೊಳಗೆ ನಿಂತಳು.

ಚನ್ನಬಸವ್ವ ಹಿಂದೆಯೇ ಓಡಿದಳು. “ಬೀಗತೇರ, ಹೂ ಕೊಡ್ರಿ! ನನ್ನ ಒಂದು ಮಾತು ಬಾಕಿ ಅದ!”

“ಗೊತ್ತದ ಬಿಡ್ರಿ. ಕೂಸು ಸಾಲ್ಯಾಗ ಬಾಯಿ ತಕ್ಕೊಂಡು ಕುಂದ್ರಾಕತ್ತಿದ್ದು ದೀಪಾವಳಿಯಿಂದ ಅಂತ ಟೀಚರ ಅಂದ್ರು. ನಾ ಬಂದದ್ದು ಸಂಕ್ರಾಂತಿಗೆ.” ಲಿಫ್ಟಿನ ಬಾಗಿಲು ಮುಚ್ಚತೊಡಗಿತು. “ನಿಮ್ಮ ಪಾಳಿ ಯುಗಾದಿಗೆ. ಅಲ್ಲೀತನಕ ಗಪ್ ಇರ್ರಿ.”

ಯುಗಾದಿಗೆ! ಅಂದರೆ ಬರುತ್ತಾಳೆ. ಚನ್ನಬಸವ್ವ ಮುಚ್ಚಿದ ಬಾಗಿಲಿನೆದುರು ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು.

ದೀಪ ಹಚ್ಚುವ ಹೊತ್ತಿಗೆ ಮಂಜರಿ ತಟ್ಟೆಯ ಮುಂದೆ ಕೂತು, ರೊಟ್ಟಿ ತೊಗರಿಪಲ್ಯವನ್ನು ನೋಡಿ, ಅಭ್ಯಾಸದಂತೆ ಬಾಯಿ ತೆರೆದಳು. ಚನ್ನಬಸವ್ವನ ಕೈ ತಾನಾಗಿ ತುತ್ತು ಕಟ್ಟಿತು.

“ಆಯಿ, ನಾಳೆ ಟೀಚರ್ ಕೇಳಿದ್ರ?”

ಚನ್ನಬಸವ್ವ ಬಾಗಿಲ ಕಡೆಗೊಮ್ಮೆ ನೋಡಿದಳು.

“ದೌಂಡದ ಆಯಿ ಉಣಿಸಿದ್ಲು ಅನ್ನು. ಹೆಂಗೂ ಯುಗಾದಿಗೆ ನನ್ನ ತಪ್ಪು ತೀರಸೂದು ಅದ, ಇದನ್ನೂ ಅದರಾಗ ಸೇರಸ್ತೀನಿ. ಬಾಯಿ ತಗಿ.”