ದರ್ಜಿಯ ಟ್ರಂಪೆಟ್

ಕೆರೆ ದಂಡೆಯಲ್ಲಿ ಅಡ್ಡಾಡುತ್ತಿದ್ದ ದರ್ಜಿಗೆ ತನ್ನದೇ ಬ್ಯಾಂಡು ನುಡಿಯುವುದು ಕೇಳಿಸಿತು. "ಭಾವ, ಇವತ್ತು ಪ್ರೋಗ್ರಾಂ ಇಲ್ಲ, ಗಾಳಿ ಜಾಸ್ತಿ. ಮನೇಲೇ ಆರಾಮಾಗಿರಿ," ಎಂದು ಬ್ಯಾಂಡ್ ಮಾಸ್ಟರ್ ಆದ ಭಾವಮೈದುನ ಬೆಳಿಗ್ಗೆಯಷ್ಟೇ ಫೋನು ಮಾಡಿದ್ದ. ಈಗ ನೋಡಿದರೆ ಕೆರೆಯಲ್ಲಿ ಒಂದು ಅಲೆಯೂ ಇಲ್ಲ, ಬೇಸಿಗೆಯ ಪುಕ್ಕಟೆ ಕಚೇರಿಗೆ ಊರೇ ನೆರೆದಿದೆ.

ಅವನ ಕುರ್ಚಿಯಲ್ಲಿ ಹೊಸಬನೊಬ್ಬ ಟ್ರಂಪೆಟ್ ಊದುತ್ತಿದ್ದ. ಹಲ್ಲು ಕಟ್ಟಿಸಿಕೊಂಡ ಮೇಲೆ ದರ್ಜಿಗೆ ಎಟುಕದಿದ್ದ ಸ್ವರವನ್ನು ಹೂ ಎತ್ತಿದಷ್ಟು ಸಲೀಸಾಗಿ ಹಿಡಿದ. ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದವಳು ದರ್ಜಿಯ ಹೆಂಡತಿ, ತಂಗಿ ಮನೆಗೆಂದು ಹೇಳಿ ಹೊರಟಿದ್ದವಳು.

ಅವನು ಹತ್ತಿರ ಹೋದ. "ನಿಂಗೂ ಗೊತ್ತಿತ್ತಾ?"

"ಫೋನ್ ಮಾಡಿಸಿದ್ದೇ ನಾನು ರೀ. ನೀವು ಊದುವಾಗ ಜನ ನಗೋದನ್ನ ಎಷ್ಟಂತ ನೋಡ್ಲಿ?"

ಜನ ನಗುತ್ತಿದ್ದರೆಂದು ದರ್ಜಿಗೆ ಅಲ್ಲಿಯ ತನಕ ಯಾರೂ ಹೇಳಿರಲಿಲ್ಲ.