ವರನಿಲ್ಲದ ಆಯೇರಿ

ಮನೆ ಮುಂದೆ ಹಂದರ ಹಾಕಿತ್ತು, ಹಿತ್ತಲಲ್ಲಿ ಗೋಧಿ ಹುಗ್ಗಿ ಕುದಿಯುತ್ತಿತ್ತು, ಹಂದರದ ನಡುವೆ ಕಂಬಳಿ ಹಾಸಿ ಸುಶೀಲವ್ವನನ್ನು ಕೂಡಿಸಿಯೂ ಆಗಿತ್ತು. ಅವಳ ಪಕ್ಕದಲ್ಲಿ ಕೂಡಬೇಕಾದ ವರ ಮಾತ್ರ ಇರಲಿಲ್ಲ. ಅವನು ಬರುವವನೂ ಅಲ್ಲ. ರಾಜೂರ ಗುರುಸಂಗಪ್ಪ ಮಗಳ ಮದುವೆ ಮಾಡುತ್ತಿರಲಿಲ್ಲ. ಮದುವೆಯಲ್ಲಿ ಬಂಧು ಬಳಗ ಕೊಡುವ ಆಯೇರಿಯನ್ನಷ್ಟೇ ಮಾಡಿಸುತ್ತಿದ್ದ.

ಇದು ಅವನ ತಲೆಯಲ್ಲಿ ಹುಟ್ಟಿದ ವಿಚಾರವಲ್ಲ, ಹೆಂಡತಿ ಬಾಳವ್ವನದು. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿದ ಮಗಳಿಗೆ, ಹತ್ತಿ ಬೆಳೆಯ ರೋಗಗಳ ಬಗ್ಗೆ ಓದಲು ವಿಲಾಯತಿಯ ಕಾಲೇಜೊಂದು ಕರೆ ಕಳಿಸಿತ್ತು. ಫೀಸು, ಊಟ, ವಸತಿ ಎಲ್ಲ ಅವರದೇ. ಮುಂಬೈಯಿಂದ ಹೋಗುವ ಹಡಗಿನ ಖರ್ಚು ಮಾತ್ರ ಮನೆಯವರದು. ಅದರಲ್ಲಿ ಅರ್ಧ ಆ ವರ್ಷದ ಹತ್ತಿಯಿಂದ ಹುಟ್ಟಿತ್ತು. ಇನ್ನರ್ಧಕ್ಕೆ ಯಾರ ಮುಂದೆಯೂ ಕೈಯೊಡ್ಡದ ಗುರುಸಂಗಪ್ಪ ಮುಖ ಸಣ್ಣದು ಮಾಡಿಕೊಂಡು ಓಡಾಡುತ್ತಿದ್ದಾಗ, ಬಾಳವ್ವ ರೊಟ್ಟಿ ಬಡಿಯುತ್ತಲೇ ಹೇಳಿದ್ದಳು:

"ರೋಣ, ನರಗುಂದ, ಗಜೇಂದ್ರಗಡ ಅಂತ ಮೂವತ್ತ ವರ್ಷ ಒಂದ ಮದವಿ ಬಿಡದ ಆಯೇರಿ ಮಾಡಿ ಬಂದೀರಿ. ಆ ಮುಯ್ಯಿ ಎಲ್ಲಾ ನಮ್ಮ ಮನಿಗೆ ತಿರುಗಿ ಬರಬೇಕಲ್ಲ? ಇರಾಕಿ ಒಬ್ಬಾಕಿ ಮಗಳು. ಆಕಿಗೆ ಬೇಕಾಗಿರೋದು ಈಗ."

"ಮದವಿ ಇಲ್ಲದ ಹ್ಯಾಂಗ ಕೇಳೋದು?"

"ಮುಂದ ಮದವಿ ಆದಾಗ ಆಯೇರಿ ಬ್ಯಾಡ ಅಂದ್ರಾತು. ಬರೇ ಉಂಡು ಹೋಗ್ಲಿ."

ಕರೆದವರೆಲ್ಲ ಬಂದರು. ಬಂದವರೆಲ್ಲ ಹೊಟ್ಟೆ ತುಂಬ ಹುಗ್ಗಿ ಉಂಡರು, ಕೈ ತೊಳೆದು ಹಂದರದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡರು. ಆದರೆ ಆಯೇರಿಗೆ ಯಾರೂ ಏಳಲಿಲ್ಲ. ಯಾರ ಆಯೇರಿ ಎಷ್ಟೆಂದು ಕೂಗಿ ಹೇಳುವ ಕಳಕಪ್ಪ ಎರಡು ಸಲ ಗಂಟಲು ಸರಿ ಮಾಡಿಕೊಂಡ. ಸುಶೀಲವ್ವನ ಮುಂದಿನ ಹಿತ್ತಾಳೆಯ ತಾಟು ಬರಿದಾಗಿಯೇ ಇತ್ತು. ಗುರುಸಂಗಪ್ಪ ಬೆರಳು ಮಡಚಿ ದಿನ ಎಣಿಸಿದ. ಹಡಗು ಬಿಡಲು ಇನ್ನು ಒಂಬತ್ತೇ ದಿನ. ಈ ತಾಟು ತುಂಬದಿದ್ದರೆ ನಾಳೆ ಗದಗಕ್ಕೆ ಹೋಗಿ, ಮಗಳು ಬರುವುದಿಲ್ಲವೆಂದು ತಂತಿ ಕೊಡುವುದೊಂದೇ ಉಳಿದ ದಾರಿ.

ಕಡೆಗೆ ಅವನ ಅಕ್ಕನ ಮಗ, ಲಕ್ಕಲಕಟ್ಟಿಯ ಶಿವನಪ್ಪ ಬಾಯಿ ಬಿಟ್ಟ. "ತಪ್ಪ ತಿಳಕೋಬ್ಯಾಡ್ರಿ ಮಾವಾರ. ಕೊಡಾಕ ನಮಗೇನ ಬ್ಯಾಸರಿಲ್ಲ. ಆದ್ರ ಆಯೇರಿ ಅನ್ನೋದು ಜೋಡಿಗೆ ಮಾಡೋದು. ಅರ್ಧ ಜೋಡಿಗೆ ಮಾಡಿದ್ದು ಯಾರರೆ ಕಂಡಾರೇನ್ರಿ?"

ನಾಲ್ಕು ಜನ ತಲೆಯಾಡಿಸಿದರು. ಪದ್ಧತಿ ಅಂದರೆ ಗುರುಸಂಗಪ್ಪನಿಗೂ ಅಷ್ಟೇ ಅಂಜಿಕೆ. ಶಿವನಪ್ಪನ ಜಾಗದಲ್ಲಿ ತಾನಿದ್ದರೂ ಇದೇ ಮಾತು ಆಡುತ್ತಿದ್ದೆನೆಂದು ಅನ್ನಿಸಿ ಇನ್ನಷ್ಟು ಸಂಕಟವಾಯಿತು.

ಅಷ್ಟರಲ್ಲಿ ಹೆಂಗಸರ ಸಾಲಿನ ತುದಿಯಿಂದ ಹೊಳೆವ್ವ ಎದ್ದು ಬಂದಳು. ಅವನ ಹೊಲದಲ್ಲಿ ಹತ್ತಿ ಬಿಡಿಸುವ ಮುದುಕಿ. ಸೆರಗಿನ ತುದಿಯ ಗಂಟು ಬಿಚ್ಚಿ, ಮಡಚಿ ಮಡಚಿ ಮೆತ್ತಗಾಗಿದ್ದ ಐದು ರೂಪಾಯಿಯ ನೋಟನ್ನು ತಾಟಿಗೆ ಹಾಕಿದಳು.

"ಗಂಡ ಬರ್ಲಿ ಅಂತ ನೀವು ಕಾಯ್ಕೋತ ಕುಂತ್ರ ಹಡಗ ನಿಂದರತೈತೇನ್ರಿ ಶಿವನಪ್ಪಾರ?"

ಕಳಕಪ್ಪ ಇಷ್ಟಕ್ಕೇ ಕಾದಿದ್ದವನು, ಮೂರು ಊರಿಗೆ ಕೇಳುವ ಹಾಗೆ ಕೂಗಿಬಿಟ್ಟ. "ಹೊಳೆವ್ವನ ಆಯೇರಿ ಐದು ರೂಪಾಯಿ, ವರನಿಗೆ..." ನಲವತ್ತು ವರ್ಷದ ರೂಢಿ, ನಾಲಿಗೆ ತಾನಾಗಿ ಹೊರಳಿತ್ತು. ಅವನು ಮಾತು ನುಂಗಿ ಪಕ್ಕದ ಖಾಲಿ ಜಾಗವನ್ನು ನೋಡಿದ. ಹಂದರಕ್ಕೆ ಹಂದರವೇ ನಕ್ಕಿತು. ಅಷ್ಟು ನಕ್ಕ ಮೇಲೆ ಬಿಗಿದುಕೊಂಡು ಕೂಡುವುದು ಯಾರಿಂದಾಗುತ್ತದೆ? ಎಲ್ಲರಿಗಿಂತ ಮೊದಲು ಎದ್ದವನು ಶಿವನಪ್ಪನೇ. ಹೊಳೆವ್ವನಿಗಿಂತ ಕಡಿಮೆ ಹಾಕಲು ಮನಸ್ಸಾಗದೆ ಹತ್ತು ರೂಪಾಯಿ ಹಾಕಿದ.

ಆಮೇಲೆ ನೂಕುನುಗ್ಗಲು. ಕಳಕಪ್ಪ "ವಿಲಾಯತಿ ಹುಡುಗಿಗೆ" ಎಂದು ಹೊಸ ರಾಗ ತೆಗೆದ. ನರಗುಂದದ ನೆಂಟರು ದುಡ್ಡಿನ ಜೊತೆ ತಾಮ್ರದ ಕೊಡವನ್ನೂ ತಂದಿದ್ದರು. "ಹಡಗ ಮುಳುಗಿದ್ರ ಇದನ್ನ ತಬ್ಬಿಕೊಂಡು ತೇಲವ್ವ" ಎಂದು ಯಾರೋ ಕಾಡಿದರು. ಗಜೇಂದ್ರಗಡದ ಪ್ರಭುಲಿಂಗಪ್ಪನಂತೂ, ಆಯೇರಿ ಅಂದ ಕೂಡಲೇ ಅಂಗಡಿಗೆ ಹೋಗಿ ವರನಿಗೆಂದು ರುಮಾಲನ್ನೇ ಕೊಂಡು ತಂದುಬಿಟ್ಟಿದ್ದ. ಅದನ್ನು ಕೈಯಲ್ಲಿ ಹಿಡಿದು ಪೆಚ್ಚಾಗಿ ನಿಂತ.

"ಇದನ್ನ ಯಾರ ತಲಿಗೆ ಸುತ್ತಲಿ?"

"ನನಗ ಕೊಡ್ರಿ ಕಾಕಾ," ಎಂದಳು ಸುಶೀಲವ್ವ. "ಅಲ್ಲಿ ಥಂಡಿ ಭಾಳ ಐತಂತ. ಕಿವಿ ಮುಚ್ಚಿ ಸುತ್ಕೋತೀನಿ."

ತನ್ನ ಮದುವೆಯಲ್ಲಿಯೂ ಇಷ್ಟು ಖುಷಿಯಾಗಿರಲಿಲ್ಲ ಎಂದು ಗುರುಸಂಗಪ್ಪ ಪಕ್ಕದವನಿಗೆ ಹೇಳಿದ. "ಕೇಳಿಸ್ತು," ಎಂದು ಒಳಗಿನಿಂದ ಬಾಳವ್ವನ ದನಿ ಬಂತು.

ಹೊತ್ತು ಇಳಿಯುವಷ್ಟರಲ್ಲಿ ಹಡಗಿನ ಖರ್ಚು ಕೂಡಿತ್ತು, ಮುಂಬೈಯಲ್ಲಿ ಚಹಾ ಕುಡಿಯುವಷ್ಟು ಮಿಕ್ಕಿತ್ತು ಕೂಡ. ಮಂದಿ ಚದುರಿದರು. ಹೊಳೆವ್ವ ಹೊರಟಾಗ ಗುರುಸಂಗಪ್ಪ ತಡೆದು ನಿಲ್ಲಿಸಿದ. ಉಳಿದವರೆಲ್ಲ ಹಳೆಯ ಮುಯ್ಯಿ ತೀರಿಸಿ ಹೋಗಿದ್ದರು. ಇವಳ ಮನೆಯಲ್ಲಿ ಮಾತ್ರ ತಾನು ಎಂದೂ ಆಯೇರಿ ಮಾಡಿದ ನೆನಪಿಲ್ಲ. ಮಾಡಲು ಅಲ್ಲಿ ಏನು ನಡೆದಿತ್ತು? ಮೈನೆರೆಯುವ ಮೊದಲೇ ಗಂಡ ಸತ್ತ ಹೆಂಗಸು. ಮದುವೆಯಿಲ್ಲ, ತೊಟ್ಟಿಲಿಲ್ಲ, ಬಾಗಿಲಿಗೆ ಒಂದು ದಿನ ತೋರಣ ಕಟ್ಟಿದ್ದಿಲ್ಲ. ಒಬ್ಬರ ಮುಯ್ಯಿಯನ್ನೂ ಉಳಿಸಿಕೊಂಡವನಲ್ಲ ಗುರುಸಂಗಪ್ಪ.

"ಹೊಳೆವ್ವಾ, ಇದನ್ನ ನಿನ್ನ ಮನ್ಯಾಗ ನಾನು ಯಾವ ಕಾರ್ಯಕ್ಕ ತೀರಸಲಿ?"

"ನೀವಲ್ರಿ ತೀರಸೋದು, ಯಪ್ಪಾ," ಎಂದಳು ಹೊಳೆವ್ವ, ತಲೆಯ ಮೇಲಿನ ಸೆರಗು ಸರಿ ಮಾಡಿಕೊಳ್ಳುತ್ತ. "ಆಕಿ ಕಲತ ಬರ್ಲಿ. ನಾನೂ ಅಕ್ಷರ ಕಲಿಯಾಕ ಸಾಲಿಗೆ ಹೆಸರ ಹಚ್ಚೋ ದಿನ ಬಂದು ಆಯೇರಿ ಮಾಡ್ಲಿ."